ಅಕ್ಕ ಕುಡಿಯದ ನೀರು

ನಮ್ಮ ಕಾರ್ಖಾನೆಯ ಅಂಗಳದಲ್ಲಿ ಹೊಸ ವಾಟರ್ ಕೂಲರ್ ಬಂದು ನಿಂತಿದೆ. ಅದರ ಮೇಲೆ ಅಕ್ಕನ ಫೋಟೋ. ಫೋಟೋದ ಕೆಳಗೆ ಅವಳ ಹೆಸರು, ಹೆಸರಿನ ಕೆಳಗೆ 'ನೆನಪಿಗಾಗಿ' ಎಂಬ ಮಾತು. ಮೊದಲ ಸಲ ಅದನ್ನು ಕಂಡ ದಿನ ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ವರ್ಷ ಒಂದು ಹೆಂಗಸನ್ನು ಬಾಯಾರಿಸಿ ಕೂರಿಸಿ, ಸತ್ತ ಮೇಲೆ ಅವಳ ಫೋಟೋದ ಕೆಳಗೆ ನಲ್ಲಿ ಜೋಡಿಸಿದ್ದಾರಲ್ಲ, ಇವರಿಗೆ ಏನೆನ್ನಬೇಕು?

ಅವಳ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಆ ಕೂಲರ್ ಮೇಲೆ ಬರೆದದ್ದೇ ಹೆಚ್ಚಾಯಿತು. ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ, ಇಲ್ಲೂ ಹಾಗೇ ಅನ್ನುತ್ತೇನೆ.

ಹೈದರಾಬಾದಿನ ನಾಚಾರಂನಲ್ಲಿ ನಮ್ಮದು ಔಷಧಿ ಬಾಟಲಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಕಾರ್ಖಾನೆ. ಒಂದು ಬದಿಗೆ ಯಂತ್ರಗಳು, ಅಲ್ಲಿ ಗಂಡಸರು. ಇನ್ನೊಂದು ಬದಿಗೆ ಉದ್ದನೆಯ ಮೇಜು, ಅದರ ಎರಡೂ ಕಡೆ ಹೆಂಗಸರು. ಸೀಳಿದ ಮುಚ್ಚಳ, ಸೊಟ್ಟ ಮುಚ್ಚಳ ಆರಿಸಿ ತೆಗೆಯುವುದು ಅವರ ಕೆಲಸ. ನಾನು ಟೈಮ್ ಆಫೀಸಿನ ಗುಮಾಸ್ತೆ. ಯಾರು ಬಂದರು, ಯಾರು ಹೋದರು, ಯಾರಿಗೆ ರಜೆ, ಯಾರಿಗೆ ಮೆಮೊ, ಎಲ್ಲ ನನ್ನ ಕೈಯಿಂದಲೇ ಆಗಬೇಕು. ನಮ್ಮ ಅಜ್ಜ ಕಲಬುರಗಿಯಿಂದ ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದವರು. ಆವಾಗಿನಿಂದ ನಮ್ಮ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು, ಇಲ್ಲವೇ ಹಿಂದಿ.

ಅಕ್ಕ ನನಗೆ ಸಿಕ್ಕಿದ್ದು ಹಾಜರಿ ಹಾಕುವ ಯಂತ್ರದ ಮುಂದೆ. ಹೆಬ್ಬೆರಳು ಒತ್ತಬೇಕು, ಹಸಿರು ದೀಪ ಹತ್ತಬೇಕು. ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಸವೆದ ಬೆರಳು ಅದಕ್ಕೆ ಗುರುತು ಹತ್ತುತ್ತಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅಕ್ಕ ಯಂತ್ರಕ್ಕೆ ಬೈಯತೊಡಗಿದಳು.

"ನಿನ ಹೆಣಾ ಎತ್ಲಿ! ಎಷ್ಟ ಸಲ ಒತ್ತಬೇಕ ನಿನಗ?"

ನನಗೆ ನಗು ತಡೆಯಲಿಲ್ಲ. "ಅಕ್ಕಾ, ಸೆರಗಿಗೆ ಬೆರಳ ಒರಸಿ ಇಡ್ರಿ, ತಗೊಳ್ತದ" ಎಂದೆ.

ಅವಳು ತಿರುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಯ್ಯ ನಮ್ಮವ್ವಾ! ಕನ್ನಡದಾಕಿ ಇಲ್ಲೇ ಕುಂತೀ, ನಾ ಎಂಟ ದಿನದಿಂದ ಹಿಂದಿಯೊಳಗ ಒದ್ದಾಡಾಕತ್ತೀನಲ್ಲಾ!" ವಿಜಯಪುರದ ಕಡೆಯವಳು. ಗಂಡ ಇಲ್ಲಿ ಟ್ರಾಲಿ ಆಟೋ ಓಡಿಸುತ್ತಿದ್ದರು. ಆ ದಿನದಿಂದ ನಾನು ಅವಳಿಗೆ ತಂಗಿಯಾದೆ.

ಅವಳ ಮನೆ ಕಾರ್ಖಾನೆಗೆ ಎರಡು ಓಣಿ ಹಿಂದೆ, ಎರಡೇ ಕೋಣೆಯದು. ಬಾಗಿಲ ಪಕ್ಕದಲ್ಲಿ ಹಸಿ ಗೋಣಿತಾಟು ಸುತ್ತಿದ, ನೀರು ತುಂಬಿದ ಮಣ್ಣಿನ ರಂಜಣಿಗೆ, ಅದರ ಬಾಯಿಗೆ ಹಿತ್ತಾಳೆ ತಟ್ಟೆ, ತಟ್ಟೆಯ ಮೇಲೆ ಲೋಟ. ಮನೆಗೆ ಯಾರೇ ಹೋಗಲಿ, ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು. ಅದಾದ ಮೇಲೇ ಮಾತು. ನಾನು ಹೊಸದರಲ್ಲಿ ಸಂಕೋಚಕ್ಕೆ ಎರಡು ಗುಟುಕು ಕುಡಿದು ತಂಬಿಗೆ ಇಟ್ಟೆ. ಅವಳು ಅದನ್ನು ಎತ್ತಿ ಮತ್ತೆ ನನ್ನ ಕೈಗಿಟ್ಟಳು. "ಇದೇನ್ ತೀರ್ಥ ತಗೊಂಡಂಗ ತಗೋತೀ? ಗಟಗಟ ಕುಡಿ. ಬಿಸಲಾಗ ಬಂದೀ, ಮಾರಿ ನೋಡ್ಕೋ, ಹಪ್ಪಳ ಆಗೈತಿ." ಮೀಟರ್ ನೋಡಲು ಬಂದವನಾಗಲಿ, ಗ್ಯಾಸ್ ಸಿಲಿಂಡರ್ ಹೊತ್ತವನಾಗಲಿ ನೀರು ಕುಡಿಯದೆ ಆ ಬಾಗಿಲು ದಾಟಿದ್ದನ್ನು ನಾನು ನೋಡಿಲ್ಲ.

ಆದರೆ ಅಕ್ಕ ಅಕ್ಕ ಎನಿಸಿಕೊಂಡದ್ದು ಬೆಲ್ಲಕ್ಕಾಗಿ ಅಲ್ಲ. ಒಂದು ಭಾನುವಾರ ನಾನು ಅಲ್ಲಿದ್ದಾಗ ಬೀದಿ ಗುಡಿಸುವ ಹೆಂಗಸು ನೀರು ಕೇಳಿದಳು. ಅಕ್ಕ ಲೋಟ ತುಂಬಿ ಕೊಟ್ಟಳು, ಅವಳು ಕುಡಿದಳು, ಇನ್ನೊಂದು ಲೋಟ ಕೊಟ್ಟಳು, ಅದನ್ನೂ ಕುಡಿದಳು. ಆಮೇಲೆ ಅಕ್ಕ ತನ್ನ ಅರೆಬರೆ ತೆಲುಗಿನಲ್ಲಿ, ಊರಿಗೆಲ್ಲ ಕೇಳುವ ದನಿಯಲ್ಲಿ, ಬಾತ್‌ರೂಮಿಗೆ ಹೋಗುವುದಿದ್ದರೆ ಒಳಗೆ ಬಾ ಎಂದಳು. ಆ ಹೆಂಗಸು ಗಾಬರಿಯಾಗಿ ಅತ್ತಿತ್ತ ನೋಡಿದಳು. ಎದುರು ಮನೆಯವಳು ಕಿಟಕಿಯಲ್ಲಿ ಮೂಗು ಮುರಿದಳು. ಅಕ್ಕ ಕಿಟಕಿಯ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ ಕೂಗಿದಳು. "ನೋಡವಾ, ಕಣ್ಣ ತುಂಬ ನೋಡು! ನಿಮ್ಮ ಮನಿ ಮುಂದಿನ ಕಸಾನೂ ಆಕೀನ ಬಳದಾಳ!"

ಆ ಹೆಂಗಸು ಒಳಗೆ ಹೋಗಿ ಬಂದಳು. ಬಂದವಳ ಮುಖ ನೋಡಬೇಕಿತ್ತು. ಅಕ್ಕ ನನಗೆ ಹೇಳಿದಳು, "ನೀರಷ್ಟ ಕೊಟ್ಟ ಕಳಿಸಿದ್ರ ಅದು ಅರ್ಧಾ ಕೆಲಸ ತಂಗಿ. ಕೊಟ್ಟಾಕಿಗಿ ಪುಣ್ಯಾ, ಕುಡದಾಕಿಗಿ ಕಷ್ಟಾ."

ಇಂಥವಳು ಕಾರ್ಖಾನೆಯಲ್ಲಿ ಬೆಳಗಿನ ಎಂಟರಿಂದ ಸಂಜೆ ಐದರವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಬಾಟಲಿ ತುಂಬಿ ತರುತ್ತಿದ್ದಳು, ತುಂಬಿದ್ದನ್ನೇ ಒಯ್ಯುತ್ತಿದ್ದಳು. ಯಂತ್ರಗಳ ಬಿಸಿಗೆ ಕಾರ್ಖಾನೆಯೊಳಗೆ ಏಪ್ರಿಲ್ ತಿಂಗಳು ಕುಲುಮೆಯೇ. ತಡೆಯಲಾಗದಾಗ ಬಾಟಲಿಯ ಮುಚ್ಚಳದಲ್ಲಿ ಎರಡು ಹನಿ ಬಗ್ಗಿಸಿ, ಎರಡು ಬೆರಳದ್ದಿ, ತುಟಿಗೆ ಸವರಿಕೊಳ್ಳುತ್ತಿದ್ದಳು. ಸವರಿಕೊಂಡು ಆ ಬೆರಳುಗಳನ್ನೇ ಕಣ್ಣಿನ ರೆಪ್ಪೆಗೂ ಒತ್ತಿಕೊಳ್ಳುತ್ತಿದ್ದಳು. ಅಕ್ಕ ಎಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಆ ಎರಡು ಬೆರಳು.

ಕಾರಣ ಹೇಳುತ್ತೇನೆ ಕೇಳಿ. ನಲವತ್ತು ಹೆಂಗಸರಿಗೆ ಒಂದೇ ಪಾಯಖಾನೆ, ಅದೂ ಯಂತ್ರಗಳ ಸಾಲು ದಾಟಿ ಹಿತ್ತಲಿನ ತುದಿಗೆ. ಅದಕ್ಕೊಂದು ಬೀಗ. ಹೊರಗಿನವರು ಬಂದು ಗಲೀಜು ಮಾಡುತ್ತಾರೆ ಎನ್ನುವುದು ಮ್ಯಾನೇಜರರ ವಾದ. ಗೇಟಿನಲ್ಲಿ ಇಬ್ಬರು ಕಾವಲುಗಾರರನ್ನು ಕೂರಿಸಿದ ಕಾರ್ಖಾನೆಗೆ ಯಾವ ಹೊರಗಿನವರು ಬರುತ್ತಾರೋ ದೇವರೇ ಬಲ್ಲ! ಕೀಲಿ ಸೂಪರ್‌ವೈಸರ್ ಮೇಜಿನ ಖಾನೆಯಲ್ಲಿ. ಯಾರೂ ಮರೆತು ಒಯ್ಯಬಾರದೆಂದು ಅದಕ್ಕೆ ಮುಷ್ಟಿ ಗಾತ್ರದ ಕೆಂಪು ಪ್ಲಾಸ್ಟಿಕ್ ಗಟ್ಟಿ ಕಟ್ಟಿದ್ದರು, ಯಂತ್ರದಲ್ಲಿ ಉಳಿದು ಹೆಪ್ಪುಗಟ್ಟಿದ ರದ್ದಿ ಮಾಲು. ಹೋಗಬೇಕಾದವಳು ಎದ್ದು ಸೂಪರ್‌ವೈಸರ್ ಮುಂದೆ ನಿಲ್ಲಬೇಕು. ಅವರು ತಲೆ ಎತ್ತಿ "ಮಳ್ಳೀನಾ?" ಎನ್ನುತ್ತಿದ್ದರು. ಮತ್ತೆಯೂ? ಎಂದು ಅರ್ಥ. ದಿನಕ್ಕೆ ಮೊದಲ ಸಲ ಬಂದವಳಿಗೂ ಅದೇ ಪ್ರಶ್ನೆ. ಆಮೇಲೆ ಆ ಕೆಂಪು ಗಟ್ಟಿ ಹಿಡಿದು ಯಂತ್ರಗಳ ನಡುವಿನಿಂದ, ಅಷ್ಟೂ ಗಂಡಸರ ಕಣ್ಣ ಮುಂದೆ ನಡೆಯಬೇಕು. ಸೂಪರ್‌ವೈಸರಿಗೆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಆ ಮಾತು ನೆನೆದಾಗಲೆಲ್ಲ ನನಗೆ ಹಲ್ಲು ಕಡಿಯುವಂತಾಗುತ್ತದೆ.

"ಕುಡದ್ರ ಹೋಗಬೇಕಾಗ್ತೈತಿ. ಹೋಗಬೇಕಂದ್ರ ಆ ಗಟ್ಟಿ ಹಿಡಕೊಂಡ ಮೆರವಣಿಗಿ ಹೊಂಡಬೇಕು. ಯಾಕ ಬೇಕು?" ಎಂದಿದ್ದಳು ಅಕ್ಕ, ನಾನು ಕೇಳಿದಾಗ. ಆಮೇಲೆ ಸುಮ್ಮನೆ ಸೇರಿಸಿದಳು, "ನಿನಗೇನ್ ತಂಗಿ, ಆಫೀಸಿನಾಗ ನಿಮ್ಮದು ಬ್ಯಾರೆ ಐತಿ."

ಹೌದು, ನಮ್ಮದು ಬೇರೆ ಇತ್ತು. ಒಳಗೆ ಚಿಲಕ, ಹೊರಗೆ ಕಾಲೊರಸು, ಕನ್ನಡಿಯ ಕೆಳಗೆ ಸಾಬೂನು. ನನ್ನ ಮೇಜಿನ ಮೇಲೆ ಲೀಟರ್ ಬಾಟಲಿ, ಗಂಟೆಗೊಮ್ಮೆ ನೀರು ಕುಡಿ ಎಂದು ಫೋನು ಟಿಣ್ ಎನ್ನುತ್ತಿತ್ತು. "ನೀವು ನಮ್ಮದಕ್ಕೇ ಬರ್ರಿ ಅಕ್ಕಾ" ಎಂದೆ ಒಂದು ಸಲ. "ನಾ ಒಬ್ಬಾಕಿ ಬಂದ್ರ ಉಳದಾವ್ರು?" ಎಂದಳು. ನನಗೆ ಒಳಗೊಳಗೇ ಸಮಾಧಾನವಾಯಿತು, ಬರದಿದ್ದರೆ ಸಾಕು, ಯಾರಿಗೂ ಜವಾಬು ಹೇಳಬೇಕಿಲ್ಲ ಎಂದು. ಈ ಬರಹದಲ್ಲಿ ಎಲ್ಲರನ್ನೂ ಬೈಯುತ್ತಿದ್ದೇನಲ್ಲ, ಆ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿಕೊಳ್ಳಿ.

ಒಂದು ಬೇಸಿಗೆ ಆರೋಗ್ಯ ಶಿಬಿರ ಎಂದು ಡಾಕ್ಟರೊಬ್ಬರನ್ನು ಕರೆಸಿದರು. ಅವರು ಹೆಂಗಸರನ್ನೆಲ್ಲ ಕೂರಿಸಿ, ನೀರು ಕುಡಿಯಿರಿ, ಬಾಯಾರುವ ತನಕ ಕಾಯಬೇಡಿ, ಮೂತ್ರದ ಬಣ್ಣ ನೋಡಿಕೊಳ್ಳಿ ಎಂದು ಅರ್ಧ ಗಂಟೆ ಹೇಳಿದರು. ತಪ್ಪೇನಿಲ್ಲ, ಒಳ್ಳೆಯ ಮಾತೇ. ಕೊನೆಗೆ ಏನಾದರೂ ಕೇಳುವುದಿದೆಯೇ ಎಂದರು. ಅಕ್ಕ ಎದ್ದು ನಿಂತಳು.

"ಪೀನೇ ಕು ಬೋಲೇ ಸಾಬ್. ಜಾನೇ ಕು ಕಿದರ್ ಜಾನಾ?"

ಕುಡಿಯಲು ಹೇಳಿದಿರಿ, ಹೋಗುವುದೆಲ್ಲಿಗೆ? ನಲವತ್ತು ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಡಾಕ್ಟರು ಮ್ಯಾನೇಜರರ ಮುಖ ನೋಡಿದರು. ಮ್ಯಾನೇಜರರು ತಮ್ಮ ಗಡಿಯಾರ ನೋಡಿಕೊಂಡರು. ಮರುದಿನ ನನ್ನನ್ನು ಕರೆದು, ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ ಎಂದು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಲು ಹೇಳಿದರು. ನಾನು ಬರೆದು ಅಂಟಿಸಿದೆ. ಬೀಗ ಇದ್ದಲ್ಲೇ ಇತ್ತು.

ನನ್ನ ಅಕ್ಷರ ಚೆಂದ. ಅದೇ ನನ್ನ ಕರ್ಮ. ನಮ್ಮಲ್ಲಿ ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಬಳಕಾಯಿ ಒಡೆದ ಮೇಲೆ ಒಬ್ಬರು ಒಳ್ಳೆಯ ಕೆಲಸಗಾರರಿಗೆ ಶಾಲು, ಗೋಡೆ ಗಡಿಯಾರ, ಒಂದು ಪ್ರಶಸ್ತಿಪತ್ರ ಕೊಡುವ ರೂಢಿ. ಆ ವರ್ಷ ಅಕ್ಕನ ಹೆಸರು ಸೂಚಿಸಿದವಳು ನಾನೇ. ಅವಳಿಗೊಂದು ಮರ್ಯಾದೆ ಸಿಗಲಿ ಎಂದು, ನಿಜವಾಗಿ ಪ್ರೀತಿಯಿಂದಲೇ ಸೂಚಿಸಿದೆ. ಪತ್ರ ತೆಲುಗಿನಲ್ಲಿ ಬರೆದೆ. ಕೆಲಸದ ವೇಳೆಯಲ್ಲಿ ಒಮ್ಮೆಯೂ ಜಾಗ ಬಿಟ್ಟು ಏಳದ ನಿಷ್ಠೆಗಾಗಿ, ಎಂದು. ಬರೆಯುವಾಗ ಚೆಂದದ ಸಾಲು ಎಂದೇ ಅನಿಸಿತ್ತು!

ಅಕ್ಕನಿಗೆ ಕನ್ನಡ ಓದಲು ಬರುತ್ತಿತ್ತು, ತೆಲುಗು ಬರುತ್ತಿರಲಿಲ್ಲ. "ಏನ್ ಬರದಾರ ಓದ ತಂಗಿ" ಎಂದು ಪತ್ರ ನನ್ನ ಕೈಗೇ ಕೊಟ್ಟಳು. ಕನ್ನಡದಲ್ಲಿ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡಳು.

"ಯಾರ ಬರದದ್ದು?"

"ನಾನಽ ಅಕ್ಕಾ."

ಅಕ್ಕ ಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡು, "ಅಕ್ಷರ ಚಂದ ಅದಾವ" ಎಂದಳು. ಅಷ್ಟೇ. ಆಮೇಲೆ ಸೂಪರ್‌ವೈಸರ್ ಬಾಯಲ್ಲಿ 'ಮಳ್ಳೀನಾ' ಜೊತೆಗೆ ಇನ್ನೊಂದು ಮಾತು ಸೇರಿತು. ಆ ಅಮ್ಮನನ್ನು ನೋಡಿ ಕಲಿಯಿರಿ, ಏಳುತ್ತಾಳೇನು? ಹೊಸದಾಗಿ ಬಂದವರೆಲ್ಲ ಅಕ್ಕನನ್ನು ನೋಡಿ ಬಾಟಲಿ ಮುಚ್ಚಿಟ್ಟರು.

ಹಾಗೆ ಮುಚ್ಚಿಟ್ಟವರಲ್ಲಿ ಒಬ್ಬಳು ಐದು ತಿಂಗಳ ಬಸುರಿ. ಒಂದು ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟವಳು ಜಾರಿ ಕೆಳಗೆ ಕೂತುಬಿಟ್ಟಳು. ತುಟಿ ಬಿಳಿಚಿಕೊಂಡಿತ್ತು. ಅಕ್ಕ ತನ್ನ ಬಾಟಲಿಯ ನೀರು ಪೂರ್ತಿ ಅವಳಿಗೆ ಕುಡಿಸಿದಳು, ಬೆನ್ನು ನೀವಿದಳು. ಸ್ವಲ್ಪ ಹೊತ್ತಿಗೆ ಆ ಹೆಂಗಸು ಅಕ್ಕನ ಕಿವಿಯಲ್ಲಿ ಏನೋ ಹೇಳಿದಳು. ಸೂಪರ್‌ವೈಸರ್ ಊಟಕ್ಕೆ ಹೋಗಿದ್ದರು. ಅಕ್ಕ ನೆಟ್ಟಗೆ ಅವರ ಮೇಜಿಗೆ ಹೋಗಿ, ಖಾನೆ ಎಳೆದು, ಕೆಂಪು ಗಟ್ಟಿ ಕೈಗೆತ್ತಿಕೊಂಡಳು. ಬಸುರಿಯ ಹೆಗಲಿಗೆ ಕೈಕೊಟ್ಟು ಯಂತ್ರಗಳ ನಡುವೆ ನಡೆದಳು. ಒಬ್ಬ ಗಂಡಸು ಹಲ್ಲು ಕಿಸಿದ. "ಯಾಕೋ, ನಿಮ್ಮವ್ವ ನಿನ್ನ ಹಡದಾಗ ನೀರ ಕುಡದಿರಲಿಲ್ಲೇನ?" ಎಂದಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಬಾಯಿ ಮುಚ್ಚಿದ.

ಮರುದಿನ ಅಕ್ಕನಿಗೆ ಮೆಮೊ. ಅನುಮತಿಯಿಲ್ಲದೆ ಖಾನೆ ತೆರೆದದ್ದಕ್ಕೆ, ಇನ್ನೊಬ್ಬ ಕೆಲಸಗಾರ್ತಿಯನ್ನು ಎಬ್ಬಿಸಿಕೊಂಡು ಹೋದದ್ದಕ್ಕೆ ಲಿಖಿತ ಉತ್ತರ ಕೊಡಬೇಕು. ಟೈಪ್ ಮಾಡಿದವಳು ನಾನೇ, ಓದಿ ಹೇಳಿದವಳೂ ನಾನೇ. ಉತ್ತರ ಬರೆದುಕೊಡುವ ಕೆಲಸವೂ ನನಗೇ ಬಂತು.

"ಬರಿ" ಎಂದಳು ಅಕ್ಕ, ನನ್ನ ಮೇಜಿನ ಮುಂದೆ ನಿಂತು. "ಆಕಿ ನೀರ ಕುಡದಿದ್ಲು. ಹೋಗಬೇಕಾಗಿತ್ತು. ಹೋದ್ಲು. ಅಷ್ಟ ಬರಿ."

ನಾನು ಬರೆದೆ. ಆದರೆ ಅದನ್ನಲ್ಲ. ತಪ್ಪಾಯಿತು, ಇನ್ನು ಮುಂದೆ ಹೀಗಾಗುವುದಿಲ್ಲ, ದಯವಿಟ್ಟು ಕ್ಷಮಿಸಬೇಕು ಎಂದು ತೆಲುಗಿನಲ್ಲಿ ದುಂಡಗೆ ಬರೆದು ಅವಳ ಮುಂದೆ ಇಟ್ಟೆ. ಅವಳ ಕೆಲಸ ಉಳಿಯಲಿ ಎಂದು ಬರೆದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಕ್ಕ ನನ್ನನ್ನು ನಂಬಿ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದಳು.

ಆಮೇಲಿನದು ದೊಡ್ಡ ಕಥೆಯಲ್ಲ. ಉರಿಮೂತ್ರ, ಮೆಡಿಕಲ್ ಶಾಪಿನ ಮಾತ್ರೆ. ಮತ್ತೆ ಜ್ವರ, ಮತ್ತೆ ಮಾತ್ರೆ. ಕಾಲು ಬಾತವು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎರಡೂ ಕಿಡ್ನಿ ಕೈಬಿಟ್ಟಿದ್ದವು. ಡಾಕ್ಟರು ಇದೊಂದೇ ಕಾರಣ ಎನ್ನಲಿಲ್ಲ, ಬಿಪಿಯೂ ಇತ್ತು ಎಂದರು. ಆದರೆ ಅವರು ಕೇಳಿದ ಮೊದಲ ಪ್ರಶ್ನೆ, ಇಷ್ಟು ವರ್ಷ ದಿನಕ್ಕೆ ಎಷ್ಟು ನೀರು ಕುಡಿಯುತ್ತಿದ್ದೆ, ತಡೆದುಕೊಳ್ಳುತ್ತಿದ್ದೆಯಾ ಎಂದು. ಅಕ್ಕ ನನ್ನ ಕಡೆ ನೋಡಿದಳು. ನಾನು ಕಿಟಕಿ ನೋಡಿದೆ.

ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಯಿತು. ಕಿಡ್ನಿ ಕೆಲಸ ಮಾಡದವರು ಬೇಕಾದಷ್ಟು ನೀರು ಕುಡಿಯುವಂತಿಲ್ಲ, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಅವಳಿಗೆ ದಿನಕ್ಕೆ ಅಳತೆ ಹಾಕಿಕೊಟ್ಟರು. ಒಂದು ಸಣ್ಣ ಬಾಟಲಿ, ಅದರಲ್ಲೇ ಚಹಾ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ. ರಂಜಣಿಗೆ ಬಾಗಿಲಲ್ಲಿ ತುಂಬಿ ನಿಂತೇ ಇತ್ತು, ಬಂದವರಿಗೆಲ್ಲ ಬೆಲ್ಲ ಬರುತ್ತಲೇ ಇತ್ತು. ಅವಳು ಮಾತ್ರ ಮಂಚದ ಮೇಲೆ ಕೂತು, ಬೆರಳದ್ದಿ ತುಟಿಗೆ ಸವರಿಕೊಳ್ಳುತ್ತಿದ್ದಳು. ಅದೇ ಎರಡು ಬೆರಳು.

"ನೋಡಿದ್ಯಾ ತಂಗಿ. ಆವಾಗ ಕುಡಿಯಾಕ ಬಿಡಲಿಲ್ಲ. ಈಗ ಮನ್ಯಾಗ ಕುಂತೀನಿ, ಬಾತ್‌ರೂಮ್ ಮಗ್ಗಲದಾಗ ಐತಿ, ಈಗ ಕುಡಿಬ್ಯಾಡ ಅಂತಾರ."

ನನಗೆ ತಡೆಯಲಾಗಲಿಲ್ಲ. ಆ ಮೆಮೊದ ಉತ್ತರದಲ್ಲಿ ನಾನು ಬೇರೆ ಬರೆದಿದ್ದೆ ಅಕ್ಕಾ, ಎಂದು ಹೇಳಿಬಿಟ್ಟೆ.

"ಗೊತ್ತೈತಿ. ಮಾಫಿ ಕೇಳ್ಕೊಂಡೀ ಅಂತ ಸೂಪರ್‌ವೈಸರ್ ಎಲ್ಲಾರ ಮುಂದ ಓದಿ ನಕ್ಕಿದ್ದ. ನಿನ್ನ ಮ್ಯಾಲ ಭಾಳ ಸಿಟ್ಟ ಬಂದಿತ್ತು."

"ಈಗ?"

"ಈಗೂ ಐತಿ" ಎಂದಳು. ತಂಬಿಗೆಯನ್ನು ನನ್ನ ಕಡೆ ದೂಡಿದಳು. "ನೀರ ಕುಡಿ."

ಕುಡಿದೆ. ನೀರಿಗಾಗಿ ಹಂಬಲಿಸುವವಳ ಎದುರಿಗೆ ಕೂತು ಒಂದು ತಂಬಿಗೆ ನೀರು ಕುಡಿಯುವುದೆಂದರೆ ಏನೆಂದು ಆ ದಿನ ಗೊತ್ತಾಯಿತು. ಎರಡು ತಿಂಗಳಿಗೆ ಅಕ್ಕ ಹೋದಳು.

ಕಳೆದ ವಾರ ಆ ಕೂಲರ್ ಉದ್ಘಾಟನೆ. ಹಾರ, ತೆಂಗಿನಕಾಯಿ, ಕೆಂಪು ರಿಬ್ಬನ್. ಹೆಂಗಸರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಮ್ಯಾನೇಜರರು ಮಾತಾಡಿದರು. ಕೆಲಸ ಎಂದರೆ ಆಕೆಗೆ ಪೂಜೆ, ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಸೀಟು ಬಿಟ್ಟು ಎದ್ದವರಲ್ಲ ಎಂದರು. ನಾನು ಬರೆದ ಸಾಲು, ನನ್ನ ಮುಂದೆಯೇ! ಆಮೇಲೆ ಅವಳಿಗೆ ಹತ್ತಿರದವರು, ಎರಡು ಮಾತಾಡಲಿ ಎಂದು ನನ್ನನ್ನು ಮುಂದೆ ಕರೆದರು.

ನಾನು ನಲ್ಲಿ ಒತ್ತಿ ಒಂದು ಲೋಟ ಕುಡಿದೆ. ಇನ್ನೊಂದು ಕುಡಿದೆ. ಮೂರನೆಯದು ತುಂಬಿ ಸಾಲಿನ ಮೊದಲ ಹೆಂಗಸಿಗೆ ಹಿಡಿದೆ. ಅವಳು ತೆಗೆದುಕೊಳ್ಳಲಿಲ್ಲ, ಸೂಪರ್‌ವೈಸರ್ ಕಡೆ ನೋಡಿದಳು. ಅವಳ ಪಕ್ಕದವಳೂ ಅತ್ತಲೇ ನೋಡಿದಳು. ಅಷ್ಟೂ ಜನ ನೋಡಿದ್ದು ಅತ್ತಲೇ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು, ನಲ್ಲಿಯಲ್ಲಿ ತಣ್ಣನೆ ನೀರಿತ್ತು, ಒಬ್ಬಳೂ ಕೈ ಚಾಚಲಿಲ್ಲ.

ನಾನು ಸೂಪರ್‌ವೈಸರ್ ಹತ್ತಿರ ಹೋಗಿ ಕೀಲಿ ಕೇಳಿದೆ.

"ಮೇಡಂ, ಮೀಕು ಆಫೀಸುಲೋ ಉಂದಿ ಕದಾ?" ಎಂದರು. ನಿಮಗೆ ಆಫೀಸಿನಲ್ಲಿ ಇದೆಯಲ್ಲ ಎಂದು.

ಇದೆ, ಆದರೆ ನನಗೆ ಇದೇ ಬೇಕು ಎಂದೆ. ಅವರು ಮ್ಯಾನೇಜರರ ಮುಖ ನೋಡಿ, ಒಳಗೆ ಹೋಗಿ ಕೆಂಪು ಗಟ್ಟಿ ತಂದುಕೊಟ್ಟರು. ನಾನು ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು ಯಂತ್ರಗಳ ನಡುವೆ ನಡೆದೆ. ನೂರು ಹೆಜ್ಜೆಯೂ ಇರಲಿಕ್ಕಿಲ್ಲ. ನಾಚಿಕೆಗೆ ಕಿವಿ ಕಾದು, ಕಾಲು ತೊಡರಿತು. ಅಕ್ಕಾ, ಇದನ್ನು ನೀವೆಲ್ಲ ಹೇಗೆ ನಡೆದಿರಿ ಎಂದು ಮನಸ್ಸಿನಲ್ಲೇ ಕೇಳಿದೆ. ಬೀಗ ತೆಗೆದೆ, ಹೋದೆ, ಹೊರಗೆ ಬಂದೆ, ಬೀಗ, ಕೀಲಿ, ಗಟ್ಟಿ ಮೂರನ್ನೂ ನನ್ನ ಚೀಲಕ್ಕೆ ಹಾಕಿಕೊಂಡು ಬಾಗಿಲು ತೆರೆದಿಟ್ಟು ಅಲ್ಲೇ ನಿಂತೆ. ಮೊದಲು ಯಾರೂ ಬರಲಿಲ್ಲ. ಆಮೇಲೆ ಒಬ್ಬಳು ಬಂದಳು. ಆವತ್ತಿನ ಆ ಬಸುರಿ, ಈಗ ಮಗುವಿನ ತಾಯಿ. ಅವಳ ಹಿಂದೆ ಇಬ್ಬರು. ಅವರ ಹಿಂದೆ ಸಾಲು. ಹಿಂತಿರುಗುವಾಗ ಒಬ್ಬೊಬ್ಬಳೂ ಕೂಲರಿನಲ್ಲಿ ನೀರು ಕುಡಿದು ಹೋದಳು.

ಮರುದಿನ ನನಗೂ ಮೆಮೊ ಬಂತು. ಕಾರ್ಯಕ್ರಮದ ನಡುವೆ ಜಾಗ ಬಿಟ್ಟು ಹೋದದ್ದು, ಕಾರ್ಖಾನೆಯ ಬೀಗ ಹಿಂತಿರುಗಿಸದೆ ಇರುವುದು, ಲಿಖಿತ ಉತ್ತರ ಕೊಡಬೇಕು. ಹೊಸ ಬೀಗ ತರಿಸುತ್ತಾರಂತೆ ಎಂಬ ಸುದ್ದಿಯೂ ಇದೆ. ತರಿಸಲಿ, ನನ್ನ ಚೀಲದಲ್ಲಿ ಜಾಗವಿದೆ.

ಉತ್ತರ ಬರೆಯಲು ಕೂತೆ. ಈ ಸಲ ಕನ್ನಡದಲ್ಲೇ ಬರೆದೆ. ಓದಲು ಬಾರದಿದ್ದರೆ ಯಾರಿಂದಲಾದರೂ ಓದಿಸಿಕೊಳ್ಳಲಿ, ಅಕ್ಕ ಓದಿಸಿಕೊಳ್ಳಲಿಲ್ಲವೇ? ಅಕ್ಷರ ಚೆಂದ ಮಾಡಲು ಹೋಗಲಿಲ್ಲ.

ನೀರು ಕುಡಿದಿದ್ದೆ. ಹೋಗಬೇಕಾಗಿತ್ತು. ಹೋದೆ.

ಅಷ್ಟೇ ಬರೆದೆ.